ತಿಳಿಯಾದ ಹಸಿರು

ಅಕ್ಕ ತಂಗಿ ಇಬ್ಬರೂ ಒಂದೇ ಸಮುದ್ರ ಸಂಶೋಧನಾಲಯದಲ್ಲಿದ್ದರು. ತಂಗಿ ಹಡಗು ಹತ್ತಿ ನಡುಗಡಲಿನ ನೀರು ತರುವವಳು. ಆ ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಗಾಜಿನ ನಳಿಗೆಗಳಲ್ಲಿ ಸಾಕುವವಳು ಅಕ್ಕ. "ಹೆತ್ತು ಕೊಡೋದು ನಾನು, ಸಾಕೋ ಕರ್ಮ ನಿಂದು," ಎಂದು ತಂಗಿ ನಗುತ್ತಿದ್ದಳು.

ಕೊನೆಯ ಪಯಣದಲ್ಲಿ ಅವಳು ತಂದ ನೀರಿನಲ್ಲಿ ಹೊಸ ಬಗೆಯ ಹಸಿರು ಜೀವಿಯೊಂದು ಸಿಕ್ಕಿತು. ಬಲು ಹಟಮಾರಿ. ಬೆಳಕು ತುಸು ಹೆಚ್ಚಾದರೂ ಸಾಯುತ್ತಿತ್ತು, ಶೈತ್ಯದಲ್ಲಿ ಕಾಪಿಡಲು ನೋಡಿದರೆ ಅದಕ್ಕೂ ಒಗ್ಗಲಿಲ್ಲ. ಅಂತೂ ಅದು ನಳಿಗೆಯಲ್ಲಿ ನೆಲೆ ನಿಲ್ಲುವ ಹೊತ್ತಿಗೆ ತಂಗಿ ಜ್ವರವೆಂದು ಮಲಗಿದಳು. ರಕ್ತಕ್ಕೆ ಸೋಂಕು ಏರಿದೆ ಎಂದರು ಡಾಕ್ಟರು. ಮತ್ತೆ ಅವಳು ಏಳಲಿಲ್ಲ.

ಅಮ್ಮ ಅಳಲಿಲ್ಲ. ಕಲ್ಲಿನಂತೆ ಕೂತು ಒಂದೇ ಮಾತು ಹೇಳುತ್ತಿದ್ದಳು: "ಹಾವಿಗೆ ಹಾಲೆರೆದಳು ನನ್ನ ಮಗಳು. ಆ ಕ್ರಿಮಿಗಳೇ ಅವಳನ್ನ ತಿಂದ್ವು."

"ಅವು ಬೇರೆ, ಇವು ಬೇರೆ ಅಮ್ಮ. ಒಬ್ಬ ಕಳ್ಳ ಅಂತ ಊರನ್ನೆಲ್ಲ ಬೈಯೋಕಾಗುತ್ತಾ?" ಎನ್ನುತ್ತಿದ್ದಳು ಅಕ್ಕ.

ಹೇಳಿ ಹೇಳಿ ಸಾಕಾಗಿ, ಒಂದು ದಿನ ಅಕ್ಕ ಅಮ್ಮನನ್ನು ಸಂಶೋಧನಾಲಯಕ್ಕೇ ಕರೆದುಕೊಂಡು ಹೋದಳು. ತಂಪಾದ ಸಣ್ಣ ಕೋಣೆ. ನೀಲಿ ದೀಪದ ಕೆಳಗೆ ಸಾಲು ನಳಿಗೆಗಳು, ಒಳಗೆ ಎಳೆ ಹಸಿರು ನೀರು, ತಂಗಿ ಕೊನೆಯದಾಗಿ ತಂದ ಜೀವಿ. ಇವು ಬೆಳಕು ಕುಡಿದು, ನೀರಿನಲ್ಲಿ ಕರಗಿದ ಇಂಗಾಲ ನುಂಗಿ ಬೆಳೆಯುತ್ತವೆ ಎಂದಳು ಅಕ್ಕ. ಇವನ್ನು ತಿಂದು ಚಿಕ್ಕ ಜೀವಿಗಳು, ಅವನ್ನು ತಿಂದು ಮೀನು. ತಿನ್ನದೆ ಉಳಿದದ್ದರಲ್ಲಿ ಒಂದಿಷ್ಟು ತಳಕ್ಕಿಳಿದು ಇಂಗಾಲವನ್ನು ಆಳದಲ್ಲಿ ಬಚ್ಚಿಡುತ್ತದೆ.

"ಇಷ್ಟು ಕೆಲಸ ಮಾಡ್ತವಾ?" ಎಂದಳು ಅಮ್ಮ. "ಊಟಕ್ಕೆ?"

"ಬೆಳಕೇ ಊಟ."

"ಪುಣ್ಯವಂತರು. ಒಲೆ ಹಚ್ಚೋ ತಾಪತ್ರಯ ಇಲ್ಲ."

ತಂಗಿ ಹೋದ ಮೇಲೆ ಅಮ್ಮನ ಬಾಯಿಂದ ಬಂದ ಮೊದಲ ತಮಾಷೆ ಅದು. ಅಲ್ಲಿಂದ ಅಮ್ಮ ವಾರವಾರವೂ ಬರತೊಡಗಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸ್ಟೂಲಿನ ಮೇಲೆ ಕೂತು, ನಳಿಗೆಗಳತ್ತ ಬಾಗಿ ಮೆಲುದನಿಯಲ್ಲಿ ಮನೆಯ ಸುದ್ದಿ ಹೇಳುವಳು. ಅಕ್ಕ ಕೇಳಿಸದವಳಂತೆ ಬೆನ್ನು ತಿರುಗಿಸಿ ಕೆಲಸ ಮಾಡುವಳು.

ಒಂದು ಬೆಳಿಗ್ಗೆ ಅಕ್ಕ ಬಾಗಿಲು ತೆರೆದರೆ ಹಸಿರಿಲ್ಲ. ಎಲ್ಲ ನಳಿಗೆಗಳಲ್ಲೂ ನೀರು ತಿಳಿಯಾಗಿತ್ತು. ನಳಿಗೆಯೊಂದನ್ನು ಬೆಳಕಿಗೆ ಹಿಡಿದಾಗಲೇ ಅವಳಿಗೆ ಅರ್ಥವಾಯಿತು. ಯಾವುದೋ ವೈರಸ್ ಒಳಹೊಕ್ಕು ಜೀವಕೋಶಗಳನ್ನು ಒಡೆದು ಹಾಕಿತ್ತು. ಮುಖ್ಯಸ್ಥರು ಓಡಿ ಬಂದು ನೋಡಿದರು. "ಛೇ" ಎಂದರು. ಆಮೇಲೆ ದನಿ ತಗ್ಗಿಸಿ, "ಒಂದು ನಳಿಗೆ ತೆಗೆದಿಡಮ್ಮ. ಆ ವೈರಸ್ ಹೊಸದಿರಬಹುದು, ಅದನ್ನಾದರೂ ಉಳಿಸ್ಕೊಳ್ಳೋಣ," ಎಂದರು. ಅವರದ್ದೇನೂ ತಪ್ಪಿಲ್ಲ. ಅಕ್ಕ ತನ್ನ ಕೈಯಾರೆ ಆ ಕೊಲೆಗಡುಕನನ್ನು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟಳು. ಉಳಿದದ್ದನ್ನು ನಿಯಮದಂತೆ ಹಬೆಯಲ್ಲಿ ಬೇಯಿಸಿ ಚೆಲ್ಲಬೇಕಿತ್ತು. ಅಮ್ಮ ನೋಡದೆ ಚೆಲ್ಲಲು ಕೈ ಬರಲಿಲ್ಲ. ಫೋನ್ ಮಾಡಿದಳು.

ಅಮ್ಮ ಬಂದು ತುಂಬ ಹೊತ್ತು ನೋಡಿದಳು.

"ನೋವಾಯ್ತೇನೋ ಪಾಪ."

"ಇಲ್ಲಮ್ಮ. ಅವಕ್ಕೆ ನೋವು ಗೊತ್ತಾಗಲ್ಲ."

"ಒಡೆದು ಹೋದದ್ದು ಏನಾಗುತ್ತೆ?"

"ಕಡಲಲ್ಲಾದ್ರೆ ನೀರಿಗೆ ಸೇರುತ್ತೆ. ಅದನ್ನ ತಿಂದು ಬೇರೆ ಬ್ಯಾಕ್ಟೀರಿಯಾ ಬದುಕ್ತವೆ. ಏನೂ ದಂಡ ಆಗಲ್ಲ."

"ಇಲ್ಲಿ?"

ಸುಳ್ಳು ಹೇಳಿದ್ದರೆ ಅಮ್ಮ ನಂಬುತ್ತಿದ್ದಳು. ಆದರೆ ಅಕ್ಕನ ನಾಲಿಗೆ ಹೊರಳಲಿಲ್ಲ. "ಇಲ್ಲಿ ಮುಗೀತು, ಅಮ್ಮ."

"ಅವಳದ್ದು ಅಂತ ಇನ್ನೇನೂ ಇಲ್ವಾ?"

ಇಲ್ಲವೆಂದು ಅಕ್ಕ ತಲೆಯಾಡಿಸಿದಳು.

ಅಮ್ಮ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದಳು. ಕಾರಿಡಾರಿನ ನಡುವೆ ಗೋಡೆ ಹಿಡಿದು ಕುಸಿದು ಕೂತಳು. ಮಗಳು ಸತ್ತ ದಿನ ಬಾರದ ಅಳು ಈಗ ಕಟ್ಟೆಯೊಡೆದು ಬಂತು. ಸಹೋದ್ಯೋಗಿಗಳು ಕೋಣೆಗಳಿಂದ ಇಣುಕಿ, ಮೆಲ್ಲನೆ ಬಾಗಿಲು ಎಳೆದುಕೊಂಡರು. ಅಕ್ಕ ಕೈಗವಸು ಕಳಚಿ, ಅಮ್ಮನ ಪಕ್ಕ ನೆಲದಲ್ಲೇ ಕೂತಳು. ಅಮ್ಮನ ತಲೆಯನ್ನು ತೊಡೆಗೆ ಎಳೆದುಕೊಂಡು ತಾನೂ ಅತ್ತಳು.