ಭಾವನ ಬಾಯಿಂದಲೇ ಬರಬೇಕು

ದೂರದ ಅಣೆಕಟ್ಟಿನಲ್ಲಿ ಹುಟ್ಟಿದ ಕರೆಂಟು ಬೆಟ್ಟ ಬಯಲು ದಾಟಿ, ಗೋಪುರದಿಂದ ಗೋಪುರಕ್ಕೆ ಬಂದು ಇಳಿಯುವುದು ಈ ಸಬ್‌ಸ್ಟೇಷನ್ನಿಗೆ. ಇಲ್ಲಿ ಅದರ ಜೋರು ತಗ್ಗಿಸಿ, ಒಂದೊಂದು ಬಡಾವಣೆಗೆ ಒಂದೊಂದು ಲೈನಿನಂತೆ ಹಂಚುವುದು ಆಪರೇಟರನ ಕೆಲಸ. ಕಂಬ ಹತ್ತಿ ಆ ಲೈನುಗಳನ್ನು ದುರಸ್ತಿ ಮಾಡುವುದು ಅವನ ಭಾವನ ಕೆಲಸ. ಭಾವ ಅಂದರೆ ಸ್ವಂತ ಅಕ್ಕನ ಗಂಡ. ಈಗ ಇಬ್ಬರಿಗೂ ಮಾತಿಲ್ಲ.

ಆದದ್ದು ಇಷ್ಟೇ. ಊಟಕ್ಕೆ ಕೂತಾಗ ಭಾವ, "ಇವನಿಗೇನಪ್ಪ, ಫ್ಯಾನ್ ಕೆಳಗೆ ಕೂತು ಗುಂಡಿ ಒತ್ತೋದು" ಅಂದ. "ಕಂಬ ಹತ್ತೋದು ಕೋತಿಗೂ ಬರುತ್ತೆ" ಅಂತ ಇವನೂ ಅಂದುಬಿಟ್ಟ. ಅಕ್ಕ ತಲೆ ತಲೆ ಚಚ್ಚಿಕೊಂಡಳು. ಅವತ್ತಿನಿಂದ, "ಲೇ" ಅನ್ನುತ್ತಿದ್ದ ಭಾವ ಫೋನಿನಲ್ಲಿ "ಆಪರೇಟರ್ ಅವರೇ" ಅನ್ನತೊಡಗಿದ. ಆ ಮರ್ಯಾದೆ ಕೇಳಿದಾಗಲೆಲ್ಲ ಇವನು ಫೋನನ್ನು ಕುಕ್ಕಿ ಇಡುತ್ತಿದ್ದ.

ಇವತ್ತು ಬೆಳಿಗ್ಗೆಯೂ ಅದೇ. "ಆಪರೇಟರ್ ಅವರೇ, ಮೂರನೇ ಲೈನ್ ಬಂದ್ ಮಾಡಿ. ತಂತಿ ಬದಲಾಯಿಸಬೇಕು."

ಇವನು ಬಂದ್ ಮಾಡಿ ಸ್ವಿಚ್ಚಿಗೆ ಕೆಂಪು ಬಿಲ್ಲೆ ನೇತುಹಾಕಿದ. ಅದನ್ನು ತೆಗೆದು ಮತ್ತೆ ಕರೆಂಟು ಬಿಡಬೇಕಾದರೆ, ಬಂದ್ ಮಾಡಿಸಿದವನೇ ಸ್ವಂತ ಬಾಯಿಂದ "ಇಳಿದಿದ್ದೇನೆ, ಬಿಡಿ" ಅನ್ನಬೇಕು. ಇನ್ನೊಬ್ಬರ ಮಾತು ನಡೆಯದು.

ಮಧ್ಯಾಹ್ನ ಫೋನ್ ಮಾಡಿದ್ದು ಜೀಪಿನ ಡ್ರೈವರು. "ಕೆಲಸ ಮುಗೀತು ಸಾರ್, ಇಳಿದಿದಾರೆ. ಲೈನ್ ಬಿಡಬೇಕಂತೆ."

"ಅವರಿಗೇ ಕೊಡಿ ಫೋನ್."

"ನಾನು ಜೀಪಿನ ಹತ್ರ ಬಂದೆ, ಅವರು ಅಲ್ಲೇ ಕಂಬದ ಹತ್ರ ಇದಾರೆ. ನೀನೇ ಹೇಳಿಬಿಡು, ನಾನು ಮಾತಾಡಲ್ಲ ಅಂದ್ರು."

ಇವನಿಗೆ ಮೈಯೆಲ್ಲ ಉರಿಯಿತು. ಕೆಲಸದಲ್ಲೂ ಮುನಿಸೇ? "ಹಾಗಾದ್ರೆ ಕರೆಂಟೂ ಬರಲ್ಲ" ಅಂತ ಫೋನ್ ಇಟ್ಟ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಇಂಜಿನಿಯರ್ ಸಾಹೇಬರು: "ನೀರಿನ ಪಂಪ್ ನಿಂತಿದೆ, ಜನ ನನ್ನ ತಲೆ ತಿಂತಿದಾರೆ. ಇಳಿದ್ರಂತಲ್ಲ, ಬಿಡ್ರೀ." ಅವರ ಬೆನ್ನಿಗೇ ಅಕ್ಕ: "ನಿಮ್ಮಿಬ್ಬರ ಜಗಳಕ್ಕೆ ಇಡೀ ಬೀದಿ ಬೇಯಬೇಕೇನೋ?"

ತಾನು ಹಿಡಿದಿರುವುದು ನಿಯಮವನ್ನೋ ಹಠವನ್ನೋ ಅವನಿಗೇ ಗೊತ್ತಾಗಲಿಲ್ಲ. ಡ್ರೈವರು ಸುಳ್ಳು ಹೇಳುವವನಲ್ಲ. ಸಾಹೇಬರೇ ಹೇಳಿದ ಮೇಲೆ ತನ್ನದೇನು? ಬಿಲ್ಲೆಯನ್ನು ಅರ್ಧ ಎತ್ತಿದವನು ಮತ್ತೆ ಕೈಬಿಟ್ಟ. ಭಾವನ ದನಿ ಕೇಳದೆ ಮನಸ್ಸು ಒಪ್ಪಲಿಲ್ಲ.

ಫೋನ್ ಬಡಿದುಕೊಂಡಿತು. ಆ ಕಡೆ ಬರೀ ಏದುಸಿರು.

"ಲೇ... ಲೈನ್ ಬಿಟ್ಟಿಲ್ಲ ತಾನೇ?"

"ಇಲ್ಲ ಭಾವ."

"ಇಕ್ಕಳಾನ ಕಂಬದ ಮೇಲೇ ಮರೆತಿದ್ದೆ ಕಣೋ. ಡ್ರೈವರ್‌ನ ಫೋನ್ ಮಾಡೋಕೆ ಕಳಿಸಿದ ಮೇಲೆ ನೆನಪಾಯ್ತು, ಮತ್ತೆ ಹತ್ತಿದೆ. ತಂತಿ ಹಿಡಕೊಂಡಾಗ ಹೊಳೀತು, ಲೈನ್ ಬಿಡೋಕೆ ನಾನೇ ಹೇಳಿಸಿದೀನಿ ಅಂತ."

ಇವನಿಗೆ ಅಕ್ಕನ ಮುಖ ಕಣ್ಣಮುಂದೆ ಬಂತು. ಅರ್ಧ ಎತ್ತಿದ್ದ ಆ ಬಿಲ್ಲೆಯನ್ನು ನೋಡಲು ಭಯವಾಯಿತು.

"ಈಗ ಎಲ್ಲಿದೀರ ಭಾವ?"

"ಕೆಳಗೆ. ನೆಲದ ಮೇಲೆ ಕೂತಿದೀನಿ."

"ಹಾಗಲ್ಲ. ನಿಯಮದ ಪ್ರಕಾರ ಹೇಳಿ."

ಭಾವ ಗಂಟಲು ಸರಿಮಾಡಿಕೊಂಡ. "ಇಳಿದಿದೀನಿ ಕಣೋ. ಬಿಡು."

ಒಂದಕ್ಷರ ಬಿಡದೆ ಕೇಳಿಸಿತ್ತು. ಆದರೂ ಇವನು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳಿ ಭಾವ" ಅಂದ.