ಕ್ಲೈಮ್ಯಾಕ್ಸ್ ಬಾಕಿ

"ಇವತ್ತೇ ಕೊನೆ ಹೇಳಿಬಿಡು," ಅಂದರು ಕಂಡಕ್ಟರ್.

ಹುಡುಗಿ ಕತ್ತು ತಿರುಗಿಸಿ ನೋಡಿದಳು. ಎಡಗೈಗೆ ಎರಡು ಸೂಜಿ ಚುಚ್ಚಿದ್ದರಿಂದ ಕತ್ತು ಬಿಟ್ಟರೆ ಬೇರೇನೂ ತಿರುಗಿಸುವಂತಿರಲಿಲ್ಲ. ಪಕ್ಕದ ಒರಗುಕುರ್ಚಿಯಲ್ಲಿ ಕಂಡಕ್ಟರೂ ಹಾಗೇ ಬಿದ್ದುಕೊಂಡಿದ್ದರು. ಅವಳ ರಕ್ತ ಅವಳ ಯಂತ್ರದೊಳಗೆ, ಅವರ ರಕ್ತ ಅವರ ಯಂತ್ರದೊಳಗೆ ಸುತ್ತು ಹಾಕಿ, ತೊಳೆಸಿಕೊಂಡು, ವಾಪಸು ಬರುತ್ತಿತ್ತು. ಕಿಡ್ನಿ ಕೈಕೊಟ್ಟವರ ವಾರ್ಡ್ ಅದು. ವಾರಕ್ಕೆ ಮೂರು ಬೆಳಿಗ್ಗೆ, ಒಂದೊಂದು ಸಲಕ್ಕೆ ನಾಲ್ಕು ಗಂಟೆ.

"ಏನಂದ್ರಿ?"

"ಕ್ಲೈಮ್ಯಾಕ್ಸು. ಇವತ್ತೇ ಹೇಳು."

"ಜ್ವರ ಗಿರ ಬಂದಿದೆಯಾ ಕಂಡಕ್ಟ್ರೇ? ಕೊನೇನ ಅದೇ ದಿನ ಹೇಳಿದ್ದು ಯಾವತ್ತಾದ್ರೂ ಇದೆಯಾ ಇಲ್ಲಿ?"

ಇರಲಿಲ್ಲ. ಅದು ಆ ಮೂಲೆಯ ಕಟ್ಟಳೆ. ಯಂತ್ರಕ್ಕೆ ಸಿಕ್ಕಿಸಿಕೊಂಡವರಲ್ಲಿ ಒಬ್ಬರು ತಮಗೆ ಇಷ್ಟವಾದ ಒಂದು ಸಿನಿಮಾವನ್ನು ಶುರುವಿನಿಂದ ಹೇಳಬೇಕು. ಯಾರು ಏನು ಹಾಕಿಕೊಂಡಿದ್ದರು, ಯಾರು ಹೇಗೆ ನಕ್ಕರು, ಹಿಂದೆ ಮಳೆ ಬರುತ್ತಿತ್ತೋ ಬಿಸಿಲಿತ್ತೋ, ಎಲ್ಲಾ. ಹೆಸರನ್ನೂ ಕೊನೆಯನ್ನೂ ಮಾತ್ರ ಹೇಳುವಂತಿಲ್ಲ. ಅವೆರಡೂ ಮುಂದಿನ ಸಲಕ್ಕೆ. ಈ ಕಟ್ಟಳೆ ಮಾಡಿದವರು ಯಾರೋ ಈಗ ಯಾರಿಗೂ ಗೊತ್ತಿಲ್ಲ; ಯಾಕೆ ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಂಡಕ್ಟರ್ ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಸೀಟಿ ಊದಿದವರು. ಕಪ್ಪು ಬಿಳುಪು ಸಂಸಾರದ ಸಿನಿಮಾಗಳೆಂದರೆ ಅವರಿಗೆ ಪ್ರಾಣ. ಅದರಲ್ಲೂ ಒಬ್ಬ ನಟಿ. ಯಾವ ಸಿನಿಮಾದಲ್ಲೂ ನಾಯಕಿಯಾಗಲಿಲ್ಲ, ನಾಯಕಿಯ ಅಕ್ಕನೋ ಅತ್ತಿಗೆಯೋ ಆಗಿಯೇ ಮುದುಕಿಯಾದಳು. "ಒಂದೇ ಕಣ್ಣಲ್ಲಿ ಅಳೋಳು ಕಣಮ್ಮ ಅವಳು. ಇನ್ನೊಂದು ಕಣ್ಣಲ್ಲಿ ಒಲೆ ಮೇಲಿನ ಹಾಲು ನೋಡ್ಕೊಳ್ಳೋಳು," ಅನ್ನುತ್ತಿದ್ದರು. ಹುಡುಗಿಗೆ ಇಪ್ಪತ್ತಾರು. ಕೋರ್ಟಿನ ಎದುರಿನ ಅಂಗಡಿಯಲ್ಲಿ ಝೆರಾಕ್ಸ್ ಮಾಡುತ್ತಿದ್ದುದರಿಂದ ವಾರ್ಡಿನಲ್ಲಿ ಅವಳ ಹೆಸರೇ ಝೆರಾಕ್ಸ್. ಅವಳಿಗೆ ದೆವ್ವದ ಸಿನಿಮಾ ಬಿಟ್ಟರೆ ಬೇರೆ ರುಚಿಸದು. ಅವಳ ನೆಚ್ಚಿನ ನಟ ಹತ್ತಾರು ಸಿನಿಮಾಗಳಲ್ಲಿ ದೆವ್ವವಾದವನು. ಮೇಕಪ್ಪಿನ ಅಡಿಯಲ್ಲಿ ಅವನ ಸ್ವಂತ ಮುಖವನ್ನು ಯಾರೂ ನೋಡಿಲ್ಲ.

"ಮುಖಾನೇ ಕಾಣದವನಿಗೆ ಅಭಿಮಾನಿ ನೀನು," ಎಂದು ಕಂಡಕ್ಟರ್ ಮೊದಲ ವಾರವೇ ಛೇಡಿಸಿದ್ದರು. "ಎದುರಿಗೆ ಬಂದು ನಿಂತ್ರೂ ಗುರುತು ಸಿಗಲ್ಲವಲ್ಲೇ."

"ಅದಕ್ಕೇ ಒಳ್ಳೇದು. ಯಾರು ಬಂದ್ರೂ ಅವನೇ ಇರಬಹುದು ಅನ್ಸತ್ತೆ."

ಮೂರನೆಯವರೊಬ್ಬರಿದ್ದರು, ಬ್ಯಾಂಕಿನ ಕ್ಯಾಷಿಯರ್. ಅವರದು ಪತ್ತೇದಾರಿ ಸಿನಿಮಾಗಳು. ಒಂದು ಶುಕ್ರವಾರ, ಹಳೆಯ ಬಂಗಲೆಯೊಂದರಲ್ಲಿ ಊಟದ ಮೇಜಿನ ಮೇಲೆ ಸತ್ತುಬಿದ್ದ ಯಜಮಾನನ ಕಥೆ ಹೇಳಿ, ಅಡುಗೆಯವನ ಮೇಲೂ ಭಾವಮೈದುನನ ಮೇಲೂ ಡಾಕ್ಟರ ಮೇಲೂ ಸಮಸಮ ಅನುಮಾನ ಹಂಚಿ, "ಕೊಲೆಗಾರ ಯಾರು ಅನ್ನೋದು ಸೋಮವಾರ" ಎಂದು ಟೋಪಿ ಹಾಕಿಕೊಂಡು ಹೋದರು. ಭಾನುವಾರ ಬಚ್ಚಲಲ್ಲಿ ಸತ್ತರು. ಹುಡುಗಿ ಫೋನಿನಲ್ಲಿ ಹುಡುಕಿದಳು. ಹೆಸರು ಗೊತ್ತಿಲ್ಲದ ಸಿನಿಮಾವನ್ನು ಹುಡುಕುವುದು ಹೇಗೆ? ಎರಡು ವರ್ಷವಾದರೂ ಕೊಲೆಗಾರ ಸಿಕ್ಕಿರಲಿಲ್ಲ. ಕೆಲವೊಮ್ಮೆ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಎದುರು ಇಳಿಯುವವರ ಮುಖ ನೋಡಿ ಅವಳಿಗೆ ಸುಮ್ಮನೆ ಅನುಮಾನ ಬರುತ್ತಿತ್ತು.

ಇವತ್ತು ಅವಳ ಸರದಿ. ಲಿಫ್ಟಿನ ಸಿನಿಮಾ ಹೇಳಿದ್ದಳು. ಎತ್ತರದ ಆಫೀಸು ಕಟ್ಟಡ, ಅಲ್ಲೊಬ್ಬಳು ಟೈಪಿಸ್ಟ್. ದಿನಾ ಸಂಜೆ ಅವಳು ಇಳಿಯುವಾಗ ಲಿಫ್ಟ್ ಒಂದು ಮಹಡಿಯಲ್ಲಿ ನಿಲ್ಲುತ್ತದೆ. ಆ ಮಹಡಿಗೆ ನಂಬರಿಲ್ಲ. ಬಾಗಿಲು ತೆರೆದರೆ ಕತ್ತಲು. ಯಾರೋ ಒಬ್ಬರು ಹತ್ತಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಮಾರನೆಯ ದಿನ ಇನ್ನೊಬ್ಬರು. ಯಾರೂ ಇಳಿಯುವುದಿಲ್ಲ. ಟೈಪಿಸ್ಟ್ ಹೆದರಿ ಮೆಟ್ಟಿಲಲ್ಲೇ ಓಡಾಡುತ್ತಾಳೆ, ಬಿದ್ದು ಕಾಲು ಮುರಿದುಕೊಳ್ಳುತ್ತಾಳೆ. ಊರುಗೋಲು ಹಿಡಿದು ಮತ್ತೆ ಲಿಫ್ಟಿನ ಮುಂದೆ ನಿಲ್ಲುತ್ತಾಳೆ. ಬಾಗಿಲು ತೆರೆಯುತ್ತದೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ಎಲ್ಲರ ಬೆನ್ನೂ ಇವಳ ಕಡೆಗೆ.

ಅಲ್ಲಿಗೆ ನಿಲ್ಲಿಸಿದ್ದಳು.

"ಬೆನ್ನು ತೋರಿಸಿ ನಿಂತಿದಾರೆ. ಆಮೇಲೆ?" ಅಂದರು ಕಂಡಕ್ಟರ್.

"ಆಮೇಲೆ ಸೋಮವಾರ."

ರಕ್ತದೊತ್ತಡ ನೋಡಲು ಬಂದ ಸಿಸ್ಟರ್ ಕಂಡಕ್ಟರ ತೋಳಿಗೆ ಪಟ್ಟಿ ಸುತ್ತುತ್ತ, "ಏನ್ ಝೆರಾಕ್ಸು, ಪಾಪ ಹೇಳಿಬಿಡು. ಸೋಮವಾರದಿಂದ ಈ ಕುರ್ಚಿಗೆ ಬೇರೆಯವರು ಬರ್ತಿದಾರೆ," ಅಂದಳು. ಅಂದಮೇಲೆ ಇಬ್ಬರ ಮುಖವನ್ನೂ ನೋಡಿ, ತಾನು ಆಡಬಾರದ್ದು ಆಡಿದೆ ಎಂದು ಗೊತ್ತಾಗಿ, ಪಟ್ಟಿ ಬಿಚ್ಚಿ ಹೊರಟುಹೋದಳು.

ಯಂತ್ರ ಒಂದು ಸಲ ಕೀ ಎಂದಿತು. ತಾನೇ ಸುಮ್ಮನಾಯಿತು.

"ಬೇರೆ ಆಸ್ಪತ್ರೆಗೆ ಹೋಗ್ತಿದೀರಾ?" ಹುಡುಗಿ ಕೇಳಿದಳು. ಹಾಗಲ್ಲ ಎಂದು ಗೊತ್ತಿದ್ದೇ ಕೇಳಿದಳು.

"ಇಲ್ಲಮ್ಮ. ಎಲ್ಲಿಗೂ ಹೋಗ್ತಿಲ್ಲ. ಬಿಡ್ತಾ ಇದೀನಿ."

"ಬಿಟ್ರೆ ಏನಾಗತ್ತೆ ಗೊತ್ತಲ್ಲ?"

"ಗೊತ್ತಿಲ್ದೆ ಏನು. ಹೋದ ಮೂರು ಸಲ ಈ ಕುರ್ಚೀಲೇ ತಲೆ ಸುತ್ತಿ ಬಿದ್ದೆ, ನೀನೇ ಕೂಗಿದ್ದು. ಹಾರ್ಟು ತಡೀತಿಲ್ಲ ಅಂತಾರೆ. ಮನೆಗೆ ಹೋದ್ರೆ ಮಾರನೇ ದಿನ ಸಂಜೆವರೆಗೂ ಎದ್ದು ಕೂರೋಕೆ ಆಗಲ್ಲ. ಎದ್ದು ಕೂರೋ ಹೊತ್ತಿಗೆ ಇಲ್ಲಿಗೆ ಹೊರಡಬೇಕು. ಸಾಕಾಯ್ತು."

"ಮನೇಲಿ ಏನಂದ್ರು?"

"ಯಜಮಾನಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಲೆಗೆ ಎಣ್ಣೆ ತಿಕ್ಕಿದಳು. ಅಷ್ಟೇ." ಅವರು ಸೂಜಿಯಿಲ್ಲದ ಕೈಯ ಬೆರಳನ್ನು ಸೂರಿನ ಕಡೆ ಎತ್ತಿದರು. "ಕ್ಯಾಷಿಯರ್ ಸಿಕ್ಕಿದ್ರೆ ಮೊದಲು ಕೊರಳಪಟ್ಟಿ ಹಿಡೀತೀನಿ. ಎರಡು ವರ್ಷ ಸತಾಯಿಸಿದಾನೆ ನನ್ಮಗ. ನೀನೂ ಹಾಗೆ ಮಾಡಬೇಡ. ಹೇಳು."

ಹುಡುಗಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ತನಗೆ ಇಪ್ಪತ್ತೆರಡಕ್ಕೇ ಈ ಕುರ್ಚಿ ಸಿಕ್ಕಿತು. ಇವರಿಗೆ ಅರವತ್ತು ದಾಟಿದ ಮೇಲೆ. ತಾನು ಸೈರಿಸಿಕೊಂಡು ಬರುತ್ತಿರುವಾಗ ಇವರು ನಡುವೆ ಎದ್ದುಹೋಗುವುದು ಯಾವ ನ್ಯಾಯ?

"ಸೋಮವಾರ ಬನ್ನಿ, ಹೇಳ್ತೀನಿ," ಅಂದಳು. ಕಣ್ಣು ಮುಚ್ಚಿದಳು. ನಿದ್ದೆ ಬಂದವಳ ಹಾಗೆ ನಟಿಸುವುದು ಆ ಕುರ್ಚಿಯಲ್ಲಿ ಕಷ್ಟವೇನಲ್ಲ.

ಸೂಜಿ ತೆಗೆಸಿಕೊಂಡು ಕಂಡಕ್ಟರ್ ಹೊರಟಾಗ ಅವಳ ಕುರ್ಚಿಯ ಹತ್ತಿರ ಕೊಂಚ ನಿಂತರು. ಅವರ ಚಪ್ಪಲಿಯ ಸದ್ದು ನಿಂತದ್ದು ಅವಳಿಗೆ ಕೇಳಿಸಿತು. ಮತ್ತೆ ಶುರುವಾದದ್ದೂ ಕೇಳಿಸಿತು. ಆಮೇಲೇ ಕಣ್ಣು ತೆರೆದಳು.

ಶನಿವಾರ ಅಂಗಡಿಯಲ್ಲಿ ಜನ ಜಾಸ್ತಿ. ಗುರುತಿನ ಚೀಟಿಗಳನ್ನು ಗಾಜಿನ ಮೇಲೆ ಕವುಚಿ ಹಾಕಿದಳು, ಮುಚ್ಚಳ ಹಾಕಿದಳು, ಬೆಳಕು ಸರಿದು ಹೋಯಿತು. ಹೊರಗೆ ಬಂದ ಹಾಳೆಗಳಲ್ಲಿ ಮುಖಗಳು ಕಪ್ಪು ಮೆತ್ತಿದ ಹಾಗಿದ್ದವು. ಕಣ್ಣಿನ ಜಾಗದಲ್ಲಿ ಎರಡು ಗುಳಿ. ಹುಟ್ಟಿದವರದು, ಸತ್ತವರದು, ಎಲ್ಲರದೂ ಅದೇ ಮುಖ. "ಮೇಡಂ, ನಂದು ಯಾವುದು ಅಂತ ನಂಗೇ ಗೊತ್ತಾಗ್ತಿಲ್ಲ," ಎಂದು ಒಬ್ಬ ನಕ್ಕ. ಅವಳು ಟೋನರ್ ಅಲ್ಲಾಡಿಸಿ ಇನ್ನೊಂದು ಪ್ರತಿ ತೆಗೆದುಕೊಟ್ಟಳು.

ಕಂಡಕ್ಟರ ನಂಬರು ಫೋನಿನಲ್ಲಿತ್ತು. ಕರೆ ಮಾಡಿ ಎರಡು ಮಾತಿನಲ್ಲಿ ಕೊನೆ ಹೇಳಿಬಿಡಬಹುದಿತ್ತು. ಹೇಳಿದರೆ ಮುಗಿಯಿತು, ಅವರು ಸೋಮವಾರ ಬರಲು ಕಾರಣವೇ ಇರುವುದಿಲ್ಲ. ಹೇಳದಿದ್ದರೆ? ಭಾನುವಾರ ಬಟ್ಟೆ ಒಗೆಯುವಾಗ ಬಚ್ಚಲ ಬಾಗಿಲು ತೆರೆದೇ ಇಟ್ಟುಕೊಂಡಳು. ಅಮ್ಮ ಬಂದು, "ಯಾಕೆ, ಒಳಗೆ ಯಾರಾದ್ರೂ ಇದಾರಾ?" ಎಂದು ತಮಾಷೆ ಮಾಡಿದಾಗಲೂ ಬಾಗಿಲು ಹಾಕಲಿಲ್ಲ.

ಸೋಮವಾರ ಪಕ್ಕದ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತಿದ್ದರು. ದರ್ಜಿಯಂತೆ. ಕೊಳವೆ ಕೆಂಪಾಗುವುದನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿಕೊಂಡಿದ್ದರು. ಅವರ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಹುಡುಗಿ ಆ ಕಡೆ ನೋಡುವುದನ್ನು ಬಿಟ್ಟಳು.

ನಾಲ್ಕನೆಯ ಗಂಟೆ ಮುಗಿಯುತ್ತ ಬಂದಾಗ ಬಾಗಿಲಲ್ಲಿ ಸಿಸ್ಟರ ದನಿ ಜೋರಾಯಿತು. "ಹೊರಗಿನವರನ್ನ ಬಿಡಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಮೊನ್ನೆವರೆಗೂ ಒಳಗಿನವನೇ ಅಲ್ವೇನಮ್ಮ ನಾನು?"

ಕಂಡಕ್ಟರ್ ಗೋಡೆ ಹಿಡಿದುಕೊಂಡು ಬಂದರು. ಮುಖ ಊದಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಹುಡುಕುತ್ತಿದ್ದರು. ತುಂಬುತೋಳಿನ ಇಸ್ತ್ರಿ ಅಂಗಿ ಹಾಕಿ ಮಣಿಕಟ್ಟಿನ ಗುಂಡಿಯನ್ನೂ ಹಾಕಿಕೊಂಡಿದ್ದರು. ಸೂಜಿಗೆ ಕೈ ಕೊಡಲು ಬರುವವರು ಯಾರೂ ಅಂಥ ಅಂಗಿ ಹಾಕುವುದಿಲ್ಲ. ಅದನ್ನು ನೋಡಿಯೂ ಹುಡುಗಿ, "ಆ ಕೊನೆ ಕುರ್ಚಿ ಖಾಲಿ ಇದೆ. ಸಿಸ್ಟರ್, ಇವರಿಗೆ..." ಎಂದು ಶುರುಮಾಡಿದಳು.

"ಸುಮ್ನಿರು. ಕುರ್ಚಿಗೆ ಬಂದಿಲ್ಲ ನಾನು." ಸಿಸ್ಟರ್ ತಂದಿಟ್ಟ ಸ್ಟೂಲಿನ ಮೇಲೆ ಕೂತರು. "ಸಿನಿಮಾಕ್ಕೆ ಬಂದಿದೀನಿ. ಕೆಳಗೆ ಆಟೋದಲ್ಲಿ ಯಜಮಾನಿ ಕೂತಿದಾಳೆ, ಬೈತಾ ಇರ್ತಾಳೆ. ಬೇಗ ಹೇಳು."

"ಬುಧವಾರ ಹೇಳ್ತೀನಿ."

ಬಾಯಿಂದ ತಾನೇ ಬಂದುಬಿಟ್ಟಿತು. ಕಂಡಕ್ಟರ್ ಸಿಟ್ಟಾಗಲಿಲ್ಲ. ಉಸಿರು ಸಿಗುವವರೆಗೆ ಕಾದು, "ಬುಧವಾರ ಆ ಮೆಟ್ಟಿಲು ಹತ್ತೋಕೆ ಆಗಲ್ಲ ಕಣಮ್ಮ," ಅಂದರು. "ಇವತ್ತೇ ಎರಡು ಕಡೆ ಕೂತು ಬಂದೆ."

ತಾನು ಕರೆದದ್ದಕ್ಕೆ ಅವರು ಬಂದಿದ್ದಾರೆ. ಬಂದೂ ಬಂದ ಹಾಗಾಗಲಿಲ್ಲ. ಇದಕ್ಕಿಂತ ಹೆಚ್ಚು ಎಳೆಯುವ ಶಕ್ತಿ ಯಾವ ಸಿನಿಮಾಕ್ಕೂ ಇಲ್ಲ ಎಂದು ಹುಡುಗಿಗೆ ಆ ಊದಿದ ಪಾದಗಳನ್ನು ನೋಡುತ್ತಿದ್ದ ಹಾಗೇ ಗೊತ್ತಾಯಿತು.

ಅಷ್ಟರಲ್ಲಿ ಅವಳ ಹೊತ್ತು ಮುಗಿದು ಯಂತ್ರ ಕೂಗಿತು. ಸಿಸ್ಟರ್ ಸೂಜಿ ಎಳೆದು, ಹತ್ತಿ ಇಟ್ಟು, "ಗಟ್ಟಿಯಾಗಿ ಒತ್ಕೋ" ಅಂದಳು. ಕಂಡಕ್ಟರ್ ಸ್ಟೂಲನ್ನು ಎಳೆದುಕೊಂಡು, "ತಾ ಇಲ್ಲಿ," ಎಂದು ಹತ್ತಿಯ ಮೇಲೆ ತಮ್ಮ ಹೆಬ್ಬೆರಳಿಟ್ಟು ಒತ್ತಿದರು. ಎಷ್ಟು ಒತ್ತಬೇಕೆಂದು ಹೇಳಿಕೊಡುವುದು ಬೇಕಿರಲಿಲ್ಲ.

"ಬಾಗಿಲು ತೆರೀತು," ಎಂದು ಹುಡುಗಿ ಶುರುಮಾಡಿದಳು. "ಎಲ್ಲಾರೂ ಬೆನ್ನು ಹಾಕಿ ನಿಂತಿದಾರೆ. ಬಾಗಿಲ ಹತ್ತಿರ ನಿಂತಿರೋನೇ ನನ್ನ ನಟ. ಕತ್ತು ನೋಡಿದ್ರೇ ನನಗೆ ಗೊತ್ತಾಗತ್ತೆ."

"ಮುಖ ತೋರಿಸ್ತಾನಾ ಈ ಸಲ?"

"ಇಲ್ಲ. ಟೈಪಿಸ್ಟು ನಿಂತೇ ಇದಾಳೆ. ಬಾಗಿಲು ಮುಚ್ಚಬೇಕು, ಮುಚ್ಚಲ್ಲ. ಸಂಗೀತ ಇಲ್ಲ, ಏನಿಲ್ಲ. ತುಂಬಾ ಹೊತ್ತು."

ಹುಡುಗಿ ನಿಲ್ಲಿಸಿದಳು. ಇಲ್ಲಿ ಬೇರೆ ಏನಾದರೂ ಹೇಳಬಹುದು. ಟೈಪಿಸ್ಟ್ ತಿರುಗಿ ಓಡುತ್ತಾಳೆ, ಬೀದಿಗೆ ಬರುತ್ತಾಳೆ, ಬಿಸಿಲು.

"ನೀರು ಬೆರೆಸಬೇಡ," ಅಂದರು ಕಂಡಕ್ಟರ್. "ಇದ್ದ ಹಾಗೇ ಹೇಳು."

"ಆಮೇಲೆ, ಯಾರೂ ತಿರುಗಿ ನೋಡಲ್ಲ. ಎಲ್ಲಾರೂ ಸ್ವಲ್ಪ ಸ್ವಲ್ಪ ಸರೀತಾರೆ. ಒಬ್ಬರು ನಿಲ್ಲೋವಷ್ಟು ಜಾಗ ಆಗತ್ತೆ. ಅವಳು ಊರುಗೋಲನ್ನ ಗೋಡೆಗೆ ಒರಗಿಸಿ ಒಳಗೆ ಹೋಗಿ ನಿಲ್ತಾಳೆ. ಬಾಗಿಲು ಮುಚ್ಚತ್ತೆ."

"ಅಷ್ಟೇನಾ?"

"ಅಷ್ಟೇ. ಹೆಸರು 'ಖಾಲಿ ಮಹಡಿ'."

ಕಂಡಕ್ಟರ ಹೆಬ್ಬೆರಳು ಅಲುಗಾಡಿತು. ನಗುತ್ತಿದ್ದರು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು.

"ಮೂವತ್ತು ವರ್ಷ ಗಂಟಲು ಹರ್ಕೊಂಡೆ ಕಣೇ. ಮುಂದೆ ಹೋಗಿ, ಒಳಗೆ ಹೋಗಿ, ಮಧ್ಯೆ ಜಾಗ ಇದೆ. ಒಬ್ಬ ಮಹಾರಾಯನಾದ್ರೂ ಸರಿದಿದ್ರೆ ಕೇಳು. ಇವರು ಹೇಳದೇನೇ ಸರಿದ್ರಾ?" ಕಣ್ಣು ಒರೆಸಿಕೊಂಡರು. "ಒಳ್ಳೇ ಜನ. ಇದರಲ್ಲಿ ಹೆದರೋಕೆ ಏನಿದೆ?"

"ನಾನು ಹೆದರಿದ್ದೆ," ಅಂದಳು ಹುಡುಗಿ.

"ನಿನ್ನ ವಯಸ್ಸಿಗೆ ಹೆದರಬೇಕು. ಹೆದರ್ಕೊಂಡೇ ಇರು, ತಪ್ಪಿಸದೆ ಬಾ."

ಹತ್ತಿ ಎತ್ತಿ ನೋಡಿದರು. ರಕ್ತ ಕಟ್ಟಿತ್ತು. ಪಟ್ಟಿಯನ್ನು ತಾವೇ ಅಂಟಿಸಿ, ಅದರ ಅಂಚನ್ನು ಉಗುರಿನಿಂದ ಎರಡು ಸಲ ಸವರಿ, ಗೋಡೆ ಹಿಡಿದುಕೊಂಡು ಎದ್ದರು. ಹೋಗಿ ಬರ್ತೀನಿ ಅನ್ನಲಿಲ್ಲ.

ಗಾಜಿನ ಬಾಗಿಲಾಚೆ, ಕಾಯುವವರಿಗೆಂದು ಕುಡಿಯುವ ನೀರಿನ ಯಂತ್ರ ಇಟ್ಟಿದ್ದರು. ಒಳಗಿನವರು ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಕುಡಿದ ನೀರು ಮೈಯಲ್ಲೇ ನಿಲ್ಲುವವರಿಗೆ ದಿನಕ್ಕೆರಡು ಲೋಟ, ಬಾಯಾರಿದರೆ ಒಂದು ಚೂರು ಮಂಜುಗಡ್ಡೆ. ಕಂಡಕ್ಟರ್ ಅದರ ಮುಂದೆ ನಿಂತರು. ಸ್ಟೀಲಿನ ಲೋಟವನ್ನು ತೊಳೆದರು. ತುಂಬಿಸಿದರು. ತಲೆ ಹಿಂದಕ್ಕೆ ಚೆಲ್ಲಿ, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ, ನಿಧಾನವಾಗಿ, ಕೊನೆಯ ಹನಿಯವರೆಗೆ ಕುಡಿದರು. ನೀರು ಅವರ ಗಂಟಲಲ್ಲಿ ಇಳಿಯುವುದು ಗಾಜಿನ ಈಚೆಗೂ ಕಾಣುತ್ತಿತ್ತು. ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಕಂಡಕ್ಟರ್ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು, ಲೋಟವನ್ನು ಇನ್ನೊಮ್ಮೆ ನಲ್ಲಿಯ ಕೆಳಗೆ ಹಿಡಿದರು.