ಎಡದ ಸ್ಪೀಕರ್ ಬೀದರಿಗೆ, ಬಲದ್ದು ಔರಾದಿಗೆ

ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ ಅದು. ಬೀದರ ಜಿಲ್ಲೆಯ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದು, ಪುಣೆಯ ಬಸ್ಸು ಹತ್ತುತ್ತಿದ್ದಾಗ, ಬೀದರಿನ ಭಾಲಚಂದ್ರ ಮಾಸ್ತರರನ್ನು ಒಂದೇ ಒಂದು ಚಿಂತೆ ಕಾಡುತ್ತಿತ್ತು: ಹಾಡಿನ ಸದ್ದನ್ನು ಹದ ಮಾಡುವ ತಮ್ಮ ಟ್ಯೂಬಿನ ಪ್ರಿ-ಆಂಪ್‌ಗೆ, ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ದೂಡುವ ತಕ್ಕ ಪವರ್ ಆಂಪ್ ಸಿಗುತ್ತಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರು. ಚಿಂತೆಯೂ ಶಾಸ್ತ್ರೋಕ್ತವಾಗಿಯೇ ಇರಬೇಕಲ್ಲ!

ತಕ್ಕ ಪವರ್ ಆಂಪ್ ಇಲ್ಲವೆಂದಲ್ಲ. ಇತ್ತು, ಔರಾದಿನಲ್ಲಿ, ತಮ್ಮ ಬಸವರಾಜನ ಮನೆಯಲ್ಲಿ. ಎರಡನ್ನೂ ಒಂದಕ್ಕೊಂದು ಹೊಂದುವಂತೆ ಕೈಯಾರೆ ಕಟ್ಟಿದವರು ತೀರಿಕೊಂಡ ಅಪ್ಪ ವಿಠ್ಠಲರಾಯರು. ಅವರ ಹಿಂದೆ ಆಸ್ತಿ ಪಾಲು ಮಾಡುವ ವಾಟಣಿಗೆ ಭಾಲ್ಕಿಯ ಅಪ್ಪನ ಮನೆಯಲ್ಲಿ ಪಂಚರು ಕೂತರು. ಹಿರಿಯ ಪಂಚ ಮನ್ಮಥಪ್ಪ ಹಾಡಿನ ಸೆಟ್ಟನ್ನು ಸುತ್ತು ಹಾಕಿ ನೋಡಿದ. ಪೆಟ್ಟಿಗೆ ಎರಡು, ಸ್ಪೀಕರ್ ಎರಡು, ಗಂಡುಮಕ್ಕಳು ಇಬ್ಬರು. ಇನ್ನೇನು ಬೇಕು! ಪ್ರಿ-ಆಂಪ್‌ನ ಸಣ್ಣ ಪೆಟ್ಟಿಗೆ, ಎಡದ ಸ್ಪೀಕರ್ ಹಿರಿಯನಿಗೆ. ಪವರ್ ಆಂಪ್‌ನ ಭಾರದ ಪೆಟ್ಟಿಗೆ, ಬಲದ ಸ್ಪೀಕರ್ ಕಿರಿಯನಿಗೆ. ಅವ್ವ ಸರಸ್ವತಿಬಾಯಿ ಮಾತ್ರ ಒಬ್ಬಳೇ ಇದ್ದುದರಿಂದ ಆರು ತಿಂಗಳು ಬೀದರ, ಆರು ತಿಂಗಳು ಔರಾದ ಅಂತಾಯಿತು. ಟೇಪ್ ರೆಕಾರ್ಡರ್ ಅವಳ ಟ್ರಂಕಿನ ಜೊತೆ ತಿರುಗತೊಡಗಿತು. ಕಲಿತ ಮಕ್ಕಳಿಬ್ಬರೂ ಬಹಳ ನ್ಯಾಯವಾಯಿತೆಂದು ತಲೆಯಾಡಿಸಿದರು.

ಈಗ ಅವ್ವ ಬೀದರಿನಲ್ಲಿದ್ದಾಗ ಅಪ್ಪನ ಪುಣ್ಯತಿಥಿ ಬಂದಿತ್ತು. ಮಕ್ಕಳು ಚಿಕ್ಕವರಿದ್ದಾಗ ಅಪ್ಪ ತುಂಬಿಟ್ಟ ತಮ್ಮ ದನಿ ಒಂದೇ ಒಂದು ಟೇಪಿನಲ್ಲಿ ಉಳಿದಿತ್ತು. ಅದನ್ನು ಕೇಳಿಸುತ್ತೇನೆಂದು ಭಾಲಚಂದ್ರರು ಅವ್ವನಿಗೆ ಮಾತು ಕೊಟ್ಟಿದ್ದರು. ಗಂಡ ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ತಮ್ಮನಿಗೊಂದು ಫೋನ್ ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಹಿರಿಯರು ಹೋಗಿ ಕಿರಿಯರ ಮುಂದೆ ಕೈ ಚಾಚುವುದೇ? ಛೆ ಛೆ!

ಆಗ ಸಿಕ್ಕಿದವನು ಮದುವೆಗಳಿಗೆ ಮಂಟಪ ಹಾಕುವ ಕಾಶೀರಾಮ. ಬರಗಾಲಕ್ಕೆ ಮದುವೆಗಳೇ ನಿಂತುಹೋಗಿ, ಅವನು ಲೌಡ್‌ಸ್ಪೀಕರ್ ಸಾಮಾನು ಮಾರಿ ಹೈದರಾಬಾದಿಗೆ ಹೊರಟಿದ್ದ. ಅವನ ಪವರ್ ಆಂಪಿಗೆ ಮಾಸ್ತರರು ಬೆಲೆ ಕೇಳಿದರು.

“ಸರ್, ಇದು ಬಯಲಾಗ ಒದರೋ ಮಾಲರಿ. ಮನ್ಯಾಗ ಹ್ಯಾಂಗ ನಡೀತದೋ ನನಗ ಗೊತ್ತಿಲ್ರಿ,” ಎಂದ.

“ನನಗ ಗೊತ್ತದ,” ಎಂದರು ಮಾಸ್ತರರು. ಅವರಿಗೆ ಯಾವಾಗಲೂ ಗೊತ್ತಿರುತ್ತದೆ.

ಟ್ಯೂಬಿನ ಪ್ರಿ-ಆಂಪ್‌ನದು ಮೆತ್ತನೆಯ ಕೈ. ಅದರ ಮುಂದೆ ಕೂಡುವ ಪವರ್ ಆಂಪ್ ಸದ್ದನ್ನು ಹಗುರಾಗಿ ಇಸಿದುಕೊಳ್ಳಬೇಕು. ಜಗ್ಗಿ ಎಳೆದರೆ ತಗ್ಗಿನ ಸ್ವರ ಮೊದಲು ಸಾಯುತ್ತದೆ. ಇದಕ್ಕೆ ಇಂಪೀಡನ್ಸ್ ಹೊಂದಿಕೆ ಎನ್ನುತ್ತಾರೆ. ವರ್ಷಗಟ್ಟಲೆ ಇದನ್ನೇ ಕರಿಹಲಗೆಯ ಮೇಲೆ ಬರೆದು ಮಕ್ಕಳ ಕಿವಿ ಹಿಂಡಿದವರು, ಮನೆಯಲ್ಲಿ ಮಂಟಪದ ಆಂಪನ್ನು ಸಿಕ್ಕಿಸಿ ಎದೆಯುಬ್ಬಿಸಿ ನಿಂತರು.

ಪುಣ್ಯತಿಥಿಯ ಊಟವಾಯಿತು, ಟೇಪು ತಿರುಗಿತು. ಅಪ್ಪನದು ತುಂಬಿದ ದಪ್ಪ ದನಿ. ಸ್ಪೀಕರಿನಿಂದ ಬಂದದ್ದು ನೆಗಡಿಯಾದ ಸೊಳ್ಳೆಯ ರಾಗ: “ಸರಸ್ವತೀ, ಏನರೆ ಮಾತಾಡು.” ಆಮೇಲೆ ಗೊರ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ.

“ಇಂವ ಯಾರ?” ಎಂದಳು ಅವ್ವ.

“ಅಪ್ಪ, ಅವ್ವಾ!”

“ನಿಮ್ಮಪ್ಪನ ಆವಾಜ ನನಗ ಗೊತ್ತಿಲ್ಲೇನು? ಮತ್ತ ಅವತ್ತ ನಾ ಜವಾಬ ಕೊಟ್ಟಿದ್ದೆ. ಅದೆಲ್ಲಿ ಹೋಯ್ತು?”

ಮಾಸ್ತರರು ತಲೆ ಕೆರೆದುಕೊಂಡರು. ಅಪ್ಪ ಅಂದು ಎರಡು ಮೈಕು ಇಟ್ಟಿದ್ದರು, ತಮ್ಮದು ಎಡಕ್ಕೆ, ಹೆಂಡತಿಯದು ಬಲಕ್ಕೆ.

“ಅದು ಬಲಗಡಿ ಸ್ಪೀಕರದಾಗ ಅದ, ಅವ್ವಾ. ಔರಾದದಾಗ.”

“ಭಲೇ! ಗಂಡ ಇಲ್ಲಿ ಕೇಳ್ತಾನ, ಹೆಂಡ್ತಿ ಅಲ್ಲಿ ಜವಾಬ ಕೊಡ್ತಾಳ. ಎಂಥಾ ಶಾಣ್ಯಾ ಮಕ್ಕಳನ್ನ ಹಡದೇನಿ ನಾ!” ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದು ಸಿಟ್ಟೂ ಹೌದು, ಸಂಕಟವೂ ಹೌದು. ತಾನೇ ಫೋನ್ ಎತ್ತಿ ಕಿರಿಯನನ್ನು ಹಿಡಿದಳು. “ಬಸ್ಯಾ, ನಿನ್ನ ಪೆಟಿಗಿ, ಸ್ಪೀಕರ ತಗೊಂಡು ನಾಳಿ ಭಾಲ್ಕಿಗಿ ಬಾ.”

“ಪೆಟಿಗಿ ಮ್ಯಾಲ ನೀರಿನ ಕ್ಯಾನ್ ಇಟ್ಟೇನಿ, ಅವ್ವಾ. ಟ್ಯಾಂಕರ್ ಬರೋದೇ ಖಾತ್ರಿ ಇಲ್ಲ. ಕ್ಯಾನ್ ಎಲ್ಲಿಡ್ಲಿ?”

“ನಿನ್ನ ತಲಿ ಮ್ಯಾಲ ಇಟ್ಕೋ! ತರಲಿಲ್ಲಂದ್ರ ನಿಮ್ಮಿಬ್ಬರ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ.”

ಮರುದಿನ ಬೀಗ ತೆಗೆದ ಭಾಲ್ಕಿಯ ಮನೆಯಲ್ಲಿ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ತಂತಿ ಜೋಡಿಸಿದರು. ಪೆಟ್ಟಿಗೆಯ ಮೇಲೆ ಕ್ಯಾನು ಕೂತ ಗುಂಡನೆಯ ಕಲೆಯನ್ನು ಬಸವರಾಜ ಅಂಗಿಯ ತೋಳಿನಿಂದ ಒರೆಸಿದ. ಟ್ಯೂಬುಗಳು ಕೆಂಪಗಾದವು.

“ಸರಸ್ವತೀ, ಏನರೆ ಮಾತಾಡು.”

ಕಿಟಕಿ ನಡುಗಿತು. ಅಪ್ಪನೇ! ಬಲಗಡೆಯಿಂದ ಒಬ್ಬ ಹರೆಯದ ಹೆಂಗಸು ನಕ್ಕಳು. “ಏನ ಮಾತಾಡ್ಲಿರಿ? ಕೂಸುಗಳು ಈಗರೆ ಮಲಗ್ಯಾವ, ಒಬ್ಬನ ಮ್ಯಾಲ ಒಬ್ಬ ಕಾಲ ಹಾಕ್ಕೊಂಡು. ಸಣ್ಣಗ ಮಾಡ್ರಿ.”

ಟೇಪು ಮುಗಿಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗಂಡುಮಕ್ಕಳು ಏನು ಮಾಡಿದರು ಗೊತ್ತೇ? ಇಬ್ಬರೂ ತಮ್ಮ ತಮ್ಮ ಪೆಟ್ಟಿಗೆಗೆ ಕೈ ಹಾಕಿದರು! ವಾಟಣಿ ಅಂದರೆ ವಾಟಣಿ. ಭಾಲಚಂದ್ರರ ಬೆರಳಿಗೆ ಟ್ಯೂಬು ಚುರ್ ಎಂದು ತಾಗಿತು.

“ಬಿಸಿ ಅದ,” ಎಂದಳು ಅವ್ವ. “ಆರೂತನಕ ಇಬ್ಬರೂ ಕೂಡ್ರಿ.”

ಹೇಳಿದವಳೇ ಗೋಡೆಯ ತಳದ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತಳು. ಸ್ವಿಚ್ಚು ಹಾಕಿಯೇ ಇತ್ತು. ಅದನ್ನು ಬಂದ್ ಮಾಡದೆ ಟ್ಯೂಬು ತಣ್ಣಗಾಗುವುದಿಲ್ಲವೆಂದು ಭೌತಶಾಸ್ತ್ರದ ಮಾಸ್ತರರಿಗೆ ಗೊತ್ತಿತ್ತು. ಹುಟ್ಟಿ ಮೊದಲ ಸಲ, ಗೊತ್ತಿದ್ದದ್ದನ್ನು ಅವರು ಹೇಳಲಿಲ್ಲ. ಸರಿದು ಜಾಗ ಕೊಟ್ಟ ತಮ್ಮನ ಪಕ್ಕ, ಅದೇ ಚಾಪೆಯ ಮೇಲೆ ಕೂತರು.